ಪದಚರ್ಚೆ: ಭೂಮಿಯ ಕಾಂತಕ್ಷೇತ್ರ ಗುರಾಣಿಯೋ, ಕೊಪ್ಪೆಯೋ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳಿ ಮುಗಿಸೋಣ ಅಂತ ಕೂತೆ. ಬರೆಯುತ್ತಾ ಹೋದ ಹಾಗೆ ಉದ್ದವಾಯಿತು. ಪುರುಸೊತ್ತು ಇದ್ದವರು ಪೂರ್ತಿ ಓದಿ. ಇಲ್ಲದವರು ಕೊನೆಯ ಪ್ರಶ್ನೆಗಾದರೂ ಉತ್ತರ ಕೊಡಿ.

ನಮ್ಮೂರಿನ ಹೈಸ್ಕೂಲಿನ ವಿಜ್ಞಾನದ ಕೋಣೆಗೆ ಗೋಡೆಪಟಗಳನ್ನು ಮಾಡುತ್ತಿದ್ದೇವೆ. ಚಿತ್ರ ಬರೆಯುವವರು ಬೇರೆ. ಬರಹ ನನ್ನ ಪಾಲಿಗೆ ಬಂತು. ಅದರಲ್ಲೊಂದು ಪಟ ಭೂಮಿಯ ಕಾಂತಕ್ಷೇತ್ರದ್ದು. ಸೂರ್ಯನಿಂದಲೂ ಅದರಾಚೆಯಿಂದಲೂ ಬಂದು ಬಡಿಯುವ ಕಣಗಳಿಂದ ಅದು ನಮ್ಮನ್ನು ಹೇಗೆ ಕಾಯುತ್ತದೆ ಅನ್ನುವುದನ್ನು ನಾಲ್ಕು ಸಾಲಲ್ಲಿ ಹೇಳಬೇಕು. ಮೊದಲು ಹೀಗೆ ಬರೆದೆ: "ಭೂಮಿಯ ಕಾಂತಕ್ಷೇತ್ರವು ಗುರಾಣಿಯಂತೆ ನಿಂತು ಆವೇಶಯುಕ್ತ ಕಣಗಳನ್ನು ತಡೆಯುತ್ತದೆ." ಎಲ್ಲರೂ ಬರೆಯುವುದು ಹೀಗೇ, ಅಲ್ವಾ?

ಒಂಬತ್ತನೇ ಕ್ಲಾಸಿನ ಮೂವರು ಮಕ್ಕಳಿಗೆ ಓದಲು ಕೊಟ್ಟೆ. ಒಬ್ಬಳು ಕೇಳಿದಳು, "ಗುರಾಣಿಗೆ ಬಡಿದ ಕಣ ಆಮೇಲೆ ಎಲ್ಲಿ ಬೀಳುತ್ತೆ ಸರ್?" ಇನ್ನೊಬ್ಬ, "ಆವೇಶ ಅಂದ್ರೆ ಮೈಮೇಲೆ ಬಂದಂಗಾ ಸರ್?" ಮೂರನೆಯವನು ಏನೂ ಕೇಳಲಿಲ್ಲ, ನಕ್ಕ.

ಎರಡನೆಯ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲನೆಯದು ನನ್ನ ವಾಕ್ಯವನ್ನೇ ಕೆಡವಿತು. ಯಾಕೆಂದರೆ ಕಣ ಎಲ್ಲೂ ಬೀಳುವುದಿಲ್ಲ. ಕಾಂತಕ್ಷೇತ್ರ ಕಣವನ್ನು ತಡೆದು ನಿಲ್ಲಿಸುವುದೇ ಇಲ್ಲ.

ಇದು ನನಗೆ ಪುಸ್ತಕಕ್ಕಿಂತ ಮೊದಲು ಬೈಗುಳದಿಂದ ಗೊತ್ತಾಗಿತ್ತು. ಚಿಕ್ಕವನಿದ್ದಾಗ ಮನೆಯಲ್ಲಿ ಡಬ್ಬಾ ಟಿ.ವಿ. ಇತ್ತು, ಹಿಂದೆ ಉಬ್ಬಿಕೊಂಡಿರುವ ಹಳೇ ಕಲರ್ ಟಿ.ವಿ. ಕೆಟ್ಟುಹೋದ ಸ್ಪೀಕರ್ ಒಂದನ್ನು ಬಿಚ್ಚಿ, ಅದರ ಹಿಂದಿನ ಕರೀ ಬಳೆಯಂಥ ಅಯಸ್ಕಾಂತ ತೆಗೆದಿದ್ದೆ. ಕ್ರಿಕೆಟ್ ನಡೆಯುತ್ತಿದ್ದಾಗ ಅದನ್ನು ಪರದೆಯ ಹತ್ತಿರ ಹಿಡಿದೆ. ಹಸಿರು ಮೈದಾನದ ನಡುವೆ ನೇರಳೆ ಮಚ್ಚೆ ಎದ್ದಿತು. ಅಂಪೈರ್ ಮುಖ ಹಸಿರಾಯಿತು. ಕೈ ಆಡಿಸಿದ ಹಾಗೆ ಬಣ್ಣವೂ ಓಡಾಡಿತು. ಮಜಾ ಅನ್ನಿಸಿ ಇನ್ನೂ ಹತ್ತಿರ ಹಿಡಿದೆ. ಅಯಸ್ಕಾಂತ ತೆಗೆದ ಮೇಲೂ ಮಚ್ಚೆ ಹಾಗೇ ಉಳಿಯಿತು. ರಿಪೇರಿಯವರು ಬಂದು, ತಂತಿ ಸುತ್ತಿದ ದೊಡ್ಡ ಬಳೆಯೊಂದನ್ನು ಪರದೆಯ ಮುಂದೆ ಆರತಿ ಎತ್ತಿದ ಹಾಗೆ ಸುತ್ತಿಸಿ ಸರಿ ಮಾಡಿದರು. ಅವರು ಹೋದ ಮೇಲೆ ಅಪ್ಪ ನನಗೆ ಮಂಗಳಾರತಿ ಎತ್ತಿದರು.

ಆ ಟಿ.ವಿ.ಯೊಳಗೆ ಹಿಂದಿನ ತುದಿಯಿಂದ ಪರದೆಯ ಕಡೆಗೆ ಎಲೆಕ್ಟ್ರಾನುಗಳು ಹಾರಿ ಬರುತ್ತವೆ. ಕೆಂಪು ಚುಕ್ಕೆಗೆ ಹೋಗಬೇಕಾದವು ಕೆಂಪಿಗೆ, ಹಸಿರಿಗೆ ಹೋಗಬೇಕಾದವು ಹಸಿರಿಗೆ. ನನ್ನ ಅಯಸ್ಕಾಂತ ಅವುಗಳ ದಾರಿ ತಿರುಗಿಸಿತು. ಕೆಂಪಿನದು ಹಸಿರಿಗೆ ಬಿತ್ತು. ಇಲ್ಲಿ ಗಮನಿಸಬೇಕಾದದ್ದು ಒಂದೇ. ಅಯಸ್ಕಾಂತ ಎಲೆಕ್ಟ್ರಾನುಗಳನ್ನು ತಡೆದಿದ್ದರೆ ಪರದೆ ಕಪ್ಪಾಗಬೇಕಿತ್ತು. ಕಪ್ಪಾಗಲಿಲ್ಲ. ಬಣ್ಣ ತಪ್ಪಾಯಿತು ಅಷ್ಟೆ.

ಕಾಂತಕ್ಷೇತ್ರದ ಗುಣವೇ ಅದು. ನಿಂತ ಕಣದ ತಂಟೆಗೆ ಹೋಗುವುದಿಲ್ಲ. ಓಡುವ ಕಣವನ್ನು ಮಾತ್ರ ಹಿಡಿಯುತ್ತದೆ. ಅದನ್ನೂ ಎದುರಿಂದ ತಳ್ಳುವುದಿಲ್ಲ, ಹಿಂದಿನಿಂದ ಎಳೆಯುವುದಿಲ್ಲ. ಯಾವಾಗಲೂ ಪಕ್ಕದಿಂದಲೇ ನೂಕುತ್ತದೆ. ಪಕ್ಕದಿಂದ ನೂಕಿದರೆ ವೇಗ ಕಮ್ಮಿಯಾಗುವುದಿಲ್ಲ, ದಿಕ್ಕು ಬದಲಾಗುತ್ತದೆ. ಗಾಣದ ಎತ್ತನ್ನು ನೆನಪಿಸಿಕೊಳ್ಳಿ. ಅದು ತನ್ನ ಪಾಡಿಗೆ ಮುಂದಕ್ಕೇ ಹೆಜ್ಜೆ ಹಾಕುತ್ತದೆ. ಗಾಣದ ಮರ ಅದನ್ನು ಪ್ರತಿ ಹೆಜ್ಜೆಗೂ ಒಳಕ್ಕೆ ಎಳೆಯುತ್ತಿರುತ್ತದೆ. ಹಾಗಾಗಿ ಎತ್ತು ಊರು ಸೇರುವ ಬದಲು ಸುತ್ತು ಹೊಡೆಯುತ್ತದೆ.

ಹಾಗಾದರೆ ಆ ವಾಕ್ಯದಲ್ಲಿ ಯಾವ ಕ್ರಿಯಾಪದ ಹಾಕಬೇಕು? ಪಠ್ಯಪುಸ್ತಕದ ಪದ "ವಿಚಲನೆ". ದಿಕ್ಸೂಚಿಯ ಸೂಜಿ ವಿಚಲನೆ ಹೊಂದುತ್ತದೆ ಅಂತ ನಾವೂ ಬಾಯಿಪಾಠ ಮಾಡಿದ್ದೆವು. ಆದರೆ ಪೇಪರ್ ಓದುವವರಿಗೆ "ವಿಚಲಿತ" ಅಂದರೆ ಗಾಬರಿಬಿದ್ದವನು. ಕೆಟ್ಟ ಸುದ್ದಿ ಕೇಳಿ ವಿಚಲಿತರಾಗುತ್ತಾರೆ, ಪ್ರೋಟಾನು ಯಾಕೆ ಆಗಬೇಕು?

ನಮ್ಮಲ್ಲಿ ಇದಕ್ಕೆ ಪದಗಳ ಬರವೇನೂ ಇಲ್ಲ. ತಿರುಗಿಸು, ಬಾಗಿಸು, ಸರಿಸು, ಓರೆ ಮಾಡು, ದಾರಿ ತಪ್ಪಿಸು, ಹೊರಳಿಸು. ಹಳೆಯ ಬರಹಗಳಲ್ಲಿ "ಓಸರಿಸು" ಕೂಡ ಇದೆ, ಪಕ್ಕಕ್ಕೆ ಸರಿಯುವುದು ಎಂಬ ಅರ್ಥದಲ್ಲಿ. ಒಂದೊಂದನ್ನೂ ಬಾಯಲ್ಲಿ ಹಾಕಿ ನೋಡಿದೆ. "ಬಾಗಿಸು" ಅಂದರೆ ಕಣವೇ ಬಾಗಿದ ಹಾಗೆ ಕೇಳುತ್ತದೆ. ಬಾಗುವುದು ದಾರಿ, ಕಣವಲ್ಲ. "ಸರಿಸು" ಅಂದರೆ ಕುರ್ಚಿ ಸರಿಸಿದ ಹಾಗೆ, ಸರಿಸಿದ ಮೇಲೆ ಅಲ್ಲೇ ನಿಂತುಬಿಡುತ್ತದೆ. "ದಾರಿ ತಪ್ಪಿಸು" ಅಂದರೆ ಕಣ ಕೆಟ್ಟ ಸಹವಾಸಕ್ಕೆ ಬಿದ್ದ ಹಾಗೆ. "ಓಸರಿಸು" ಚೆಂದದ ಪದ, ಆದರೆ ಒಂಬತ್ತನೇ ಕ್ಲಾಸಿಗೆ ಅದರ ಅರ್ಥ ಹೇಳಲು ಇನ್ನೊಂದು ಪಟ ಬೇಕಾಗುತ್ತದೆ.

ನನಗೆ ಒಪ್ಪಿಗೆಯಾದದ್ದು "ಹೊರಳಿಸು". ರಸ್ತೆ ಎಡಕ್ಕೆ ಹೊರಳಿತು ಅನ್ನುತ್ತೇವೆ. ಮಗು ನೆಲದ ಮೇಲೆ ಹೊರಳಿತು ಅಂತಲೂ ಅನ್ನುತ್ತೇವೆ. ದಿಕ್ಕು ಬದಲಿಸುವುದು, ಉರುಳಾಡುವುದು ಎರಡೂ ಒಂದೇ ಪದದಲ್ಲಿ ಇದೆ. ಕಣ ಮಾಡುವುದೂ ಎರಡನ್ನೇ. ಆಚೆ ತಿರುಗಿ ಹೋಗುವವು ಕೆಲವು, ಅಲ್ಲೇ ಸುತ್ತು ಹೊಡೆಯುತ್ತಾ ಸಿಕ್ಕಿಬೀಳುವವು ಕೆಲವು. "ಕಾಂತಕ್ಷೇತ್ರ ಕಣಗಳನ್ನು ಹೊರಳಿಸುತ್ತದೆ." ಕಿವಿಗೆ ಹೇಗೆ ಕೇಳುತ್ತದೆ ಹೇಳಿ.

ಇಷ್ಟು ಆದ ಮೇಲೆ ಗುರಾಣಿಯ ಮೇಲೆಯೇ ಅನುಮಾನ ಬಂತು. ಪದಗಳಲ್ಲಿ ಒಂದು ಗುಟ್ಟಿದೆ. ನಾಮಪದ ಒಂದನ್ನು ಆರಿಸಿದರೆ ಕ್ರಿಯಾಪದಗಳು ಅದರ ಹಿಂದೆಯೇ ನಡೆದು ಬರುತ್ತವೆ. ಗುರಾಣಿ ಅಂದೆವೋ, ಅದು ತಡೆಯಲೇಬೇಕು. ಏಟು ತಿನ್ನಬೇಕು. ಬಿರುಕು ಬಿಡಬೇಕು, ಒಡೆಯಬೇಕು. ಬೇರೆ ಏನು ಮಾಡಲೂ ಗುರಾಣಿಗೆ ಬರುವುದಿಲ್ಲ.

ಇದು ಸುಮ್ನೆ ಹೇಳಿದ್ದಲ್ಲ, ನಡೆದದ್ದೇ ಇದೆ. ಊಟಿಯಲ್ಲಿ ಗ್ರೇಪ್ಸ್-3 ಅನ್ನುವ ಪ್ರಯೋಗಶಾಲೆ ಇದೆ. ಬಾನಿನಿಂದ ಬರುವ ಕಣಗಳು ಗಾಳಿಗೆ ಬಡಿದಾಗ ಹುಟ್ಟುವ ಮ್ಯೂಆನುಗಳನ್ನು ಅಲ್ಲಿ ಎಣಿಸುತ್ತಾರೆ. 2015ರ ಜೂನ್ 22ರಂದು ಸೂರ್ಯನಿಂದ ಚಿಮ್ಮಿದ ದೊಡ್ಡ ಮೋಡವೊಂದು ಭೂಮಿಗೆ ಬಡಿಯಿತು. ಆಗ ಸುಮಾರು ಎರಡು ಗಂಟೆ ಕಾಲ ಮ್ಯೂಆನುಗಳ ಎಣಿಕೆ ಏರಿತು. ಭೂಮಿಯ ಕಾಂತಕ್ಷೇತ್ರ ಸ್ವಲ್ಪ ಹೊತ್ತು ಬಲ ಕಳೆದುಕೊಂಡಿತ್ತು, ಮಾಮೂಲಿ ದಿನ ಆಚೆಗೇ ಹೊರಳಿ ಹೋಗುತ್ತಿದ್ದ ಕಣಗಳು ಒಳಕ್ಕೆ ಬಂದವು ಅಂತ ಅಲ್ಲಿನ ವಿಜ್ಞಾನಿಗಳು 2016ರಲ್ಲಿ ಬರೆದರು. ಸುದ್ದಿಯ ತಲೆಬರಹಗಳಲ್ಲಿ ಅದು ಏನಾಯಿತು? ಭೂಮಿಯ ಗುರಾಣಿಯಲ್ಲಿ ಬಿರುಕು! ಬಿರುಕು ಅಂದ ಮೇಲೆ ಜನ ಕೇಳುವುದು ಸಹಜ, ಅದನ್ನು ಮುಚ್ಚಿದರಾ ಅಂತ. ಮುಚ್ಚಲು ಅಲ್ಲಿ ಏನೂ ಒಡೆದಿರಲಿಲ್ಲ. ಸಡಿಲವಾಗಿತ್ತು, ಮತ್ತೆ ಬಿಗಿಯಾಯಿತು. ಆದರೆ ಸಡಿಲವಾಗುವ ಗುರಾಣಿ ಯಾರೂ ಕಂಡಿಲ್ಲ. ಹಾಗಾಗಿ ಬಿರುಕೇ ಬರಬೇಕಾಯಿತು.

ಸಡಿಲವಾಗಬಲ್ಲ, ಜಾರಬಲ್ಲ, ಸೋರಬಲ್ಲ, ಗಾಳಿಗೆ ಒತ್ತರಿಸಿಕೊಳ್ಳಬಲ್ಲ ವಸ್ತು ಯಾವುದು ಅಂತ ಯೋಚಿಸುತ್ತಿದ್ದೆ. ಹೊರಗೆ ಮಳೆ. ಆಗ ನೆನಪಾದದ್ದು ಕೊಪ್ಪೆ.

ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ಗೋಣಿಚೀಲದ ತಳದ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಇನ್ನೊಂದು ಮೂಲೆಯೊಳಗೆ ಕೂರಿಸಿದರೆ ಟೊಪ್ಪಿಯಂಥ ಚೂಪು ಬರುತ್ತದೆ. ಅದನ್ನು ತಲೆಗೇರಿಸಿದರೆ ಉಳಿದ ಚೀಲ ಬೆನ್ನ ಮೇಲೆ ಇಳಿಬೀಳುತ್ತದೆ. ಇದು ಗೋಣಿಕೊಪ್ಪೆ. ಕಂಬಳಿಯಲ್ಲಿ ಮಾಡಿದರೆ ಕಂಬಳಿಕೊಪ್ಪೆ. ಗಂಡಸರು ಹೂಟಿಗೆ ಹೋಗುವಾಗ ಹಾಕುತ್ತಿದ್ದರು. ನಾಟಿಯ ಹೆಂಗಸರಿಗೆ ಗೊರಬು, ಬಿದಿರ ಕಡ್ಡಿ ಹೆಣೆದು ಎಲೆ ಹೊದಿಸಿದ್ದು. ನಮ್ಮಜ್ಜ ಕಂಬಳಿಕೊಪ್ಪೆಯಲ್ಲಿ ಗದ್ದೆಯ ಅಂಚಿನಲ್ಲಿ ನಿಂತಿರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದೆ. ನೆತ್ತಿಯ ಚೂಪಿಗೆ ಬಿದ್ದ ನೀರು ಎರಡೂ ಕಡೆ ಸೀಳಿಕೊಂಡು, ಬೆನ್ನಗುಂಟ ಜಾರಿ, ಮೊಣಕಾಲಿನ ಹತ್ತಿರ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಕಂಬಳಿ ಮಳೆಯನ್ನು ನಿಲ್ಲಿಸುತ್ತಿರಲಿಲ್ಲ. ಅಜ್ಜನ ಮೈಯಿಂದ ಆಚೆ ಹರಿಸುತ್ತಿತ್ತು.

ಈಗ ಭೂಮಿಯ ಕಾಂತಕ್ಷೇತ್ರದ ಆಕಾರ ನೋಡಿ. ಸೂರ್ಯನಿಂದ ಪ್ರೋಟಾನು, ಎಲೆಕ್ಟ್ರಾನುಗಳ ಗಾಳಿ ಸೆಕೆಂಡಿಗೆ ಸುಮಾರು 400 ಕಿ.ಮೀ. ವೇಗದಲ್ಲಿ ಬೀಸುತ್ತಲೇ ಇರುತ್ತದೆ. ಆ ಗಾಳಿಯ ಒತ್ತಡ ಒಂದು ಕಡೆ, ಕಾಂತಕ್ಷೇತ್ರದ ಒತ್ತಡ ಒಂದು ಕಡೆ. ಎರಡೂ ಸರಿಸಮವಾಗುವ ಗಡಿ ಸೂರ್ಯನ ಕಡೆಗೆ ಭೂಮಿಯ ನಡುವಿನಿಂದ ಸುಮಾರು 64,000 ಕಿ.ಮೀ. ದೂರದಲ್ಲಿದೆ. ಭೂಮಿಯ ತ್ರಿಜ್ಯದ ಹತ್ತರಷ್ಟು ಅನ್ನಿ. ಇದು ನೆತ್ತಿ. ಹಿಂದಿನ ಕಡೆಯಲ್ಲಿ ಲೆಕ್ಕವೇ ಬೇರೆ. ಗಾಳಿ ಎಳೆದುಕೊಂಡು ಹೋಗಿ, ಚಂದ್ರನ ದಾರಿಯನ್ನೂ ದಾಟಿ ಬಹಳ ದೂರ ಚಾಚಿಕೊಂಡಿದೆ. ಮುಂದೆ ಗಿಡ್ಡ ಮೊಂಡು, ಹಿಂದೆ ಉದ್ದ ಇಳಿ. ಅಜ್ಜನ ಕಂಬಳಿಯೇ ಅಲ್ವಾ ಇದು?

ಗುರಾಣಿಗೆ ಈ ಆಕಾರವಿಲ್ಲ. "ಗೋಳ"ಕ್ಕೂ ಇಲ್ಲ. "ಕಾಂತಗೋಳ" ಅನ್ನುವ ಪದ ಬಳಕೆಯಲ್ಲಿದೆ, ಗೊತ್ತು. 1959ರಲ್ಲಿ ಖಗೋಳವಿಜ್ಞಾನಿ ಥಾಮಸ್ ಗೋಲ್ಡ್ ಅವರು ಮ್ಯಾಗ್ನೆಟೋಸ್ಫಿಯರ್ ಅಂತ ಹೆಸರಿಟ್ಟಾಗ ಹಿಂದಿನ ಆ ಉದ್ದನೆಯ ಭಾಗವನ್ನು ಇನ್ನೂ ಯಾರೂ ಅಳೆದಿರಲಿಲ್ಲ. ಉಪಗ್ರಹಗಳು ಅದನ್ನು ಅಳೆದದ್ದು 1960ರ ದಶಕದಲ್ಲಿ. ಅವರ ಹೆಸರಿನಲ್ಲಿದ್ದ ಗೋಳವನ್ನು ನಾವೂ ಹೊತ್ತು ತಂದೆವು. ಇನ್ನೊಂದು ಫಜೀತಿಯೂ ಇದೆ. ಪಟದ ಕರಡು ನೋಡಿದ ನಮ್ಮಕ್ಕ, "ಕಾಂತನ ಗೋಳಾ? ಗಂಡಂದಿರ ಗೋಳು ಹೇಳೋಕೆ ವಿಜ್ಞಾನ ಯಾಕೆ ಬೇಕು?" ಅಂದಳು. ಅದಾದ ಮೇಲೆ ಆ ಪದ ನೋಡಿದರೆ ನಗು ತಡೆಯಲಾಗುತ್ತಿಲ್ಲ.

(ಅಂದ ಹಾಗೆ, ಅಕ್ಕ ಪೂರ್ತಿ ತಪ್ಪೇನೂ ಹೇಳಿಲ್ಲ. ಅಯಸ್ ಅಂದರೆ ಕಬ್ಬಿಣ, ಕಾಂತ ಅಂದರೆ ಪ್ರಿಯ. ಅಯಸ್ಕಾಂತ ಅಂದರೆ ಕಬ್ಬಿಣದ ನಲ್ಲ. ನಾವು ಅದರಿಂದ ಕಬ್ಬಿಣವನ್ನು ಕಿತ್ತು, ಬರೀ ನಲ್ಲನನ್ನು ಇಟ್ಟುಕೊಂಡು ಕಾಂತಕ್ಷೇತ್ರ, ಕಾಂತಬಲ ಎಂದೆಲ್ಲ ಕಟ್ಟಿದ್ದೇವೆ. ಸೂಜಿಗಲ್ಲು ಅನ್ನುವ ಅಚ್ಚುಕಟ್ಟಾದ ಪದ ಪಕ್ಕದಲ್ಲೇ ಇತ್ತು. ಈಗ ಅದು "ಸೂಜಿಗಲ್ಲಿನಂತೆ ಸೆಳೆಯುವ" ಚೆಲುವೆಯರ ವರ್ಣನೆಗೆ ಮಾತ್ರ ಉಳಿದಿದೆ.)

ಕೊಪ್ಪೆಗೆ ಬಂದರೆ ಕ್ರಿಯಾಪದಗಳು ತಾವಾಗಿ ಸಿಗುತ್ತವೆ. ಸೂರ್ಯನ ಗಾಳಿ ಜೋರಾದಾಗ ನೆತ್ತಿಯ ಕಡೆ ಒಳಕ್ಕೆ ಒತ್ತರಿಸುತ್ತದೆ. 36,000 ಕಿ.ಮೀ. ಎತ್ತರದಲ್ಲಿ ನಮ್ಮ ದೂರಸಂಪರ್ಕದ ಉಪಗ್ರಹಗಳಿವೆ. ಇಸ್ರೋ ಅವನ್ನು ಹಾಸನದಿಂದ ನೋಡಿಕೊಳ್ಳುತ್ತದೆ. ಮಾಮೂಲಿ ದಿನ ಅವು ಕೊಪ್ಪೆಯ ಒಳಗೇ ಇರುತ್ತವೆ. ಭಾರಿ ಬಿರುಗಾಳಿಯ ದಿನ ಆ ಗಡಿ ಅವುಗಳಿಗಿಂತಲೂ ಕೆಳಕ್ಕೆ ಬಂದುಬಿಡುವುದುಂಟು. ಆಗ ಹಗಲಿನ ಕಡೆಯ ಉಪಗ್ರಹಗಳು ಹೊರಗೆ ನೆನೆಯುತ್ತಾ ನಿಲ್ಲುತ್ತವೆ. ಇದನ್ನು ಗುರಾಣಿಯ ಭಾಷೆಯಲ್ಲಿ ಹೇಳಿ ನೋಡೋಣ!

ಒಂದು ಲೆಕ್ಕವನ್ನೂ ಪಟಕ್ಕೆ ಹಾಕಬೇಕು ಅಂದುಕೊಂಡಿದ್ದೇನೆ. ಭೂಮಿಯ ಕಾಂತಕ್ಷೇತ್ರ ತೀರಾ ಸೌಮ್ಯವಾದದ್ದು. ಬೆಂಗಳೂರಿನ ನೆಲದ ಮೇಲೆ ಸುಮಾರು 40,000 ನ್ಯಾನೊಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ಆದರೆ ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಅಯಸ್ಕಾಂತದ ಮೈ ಹತ್ತಿರ ಇದರ ನೂರು ಪಟ್ಟಿಗಿಂತ ಜಾಸ್ತಿ ಬಲ ಇರುತ್ತದೆ. ಆ 64,000 ಕಿ.ಮೀ. ಗಡಿಯಲ್ಲಂತೂ ಬರೀ 50 ನ್ಯಾನೊಟೆಸ್ಲಾದ ಆಸುಪಾಸು. ಇಷ್ಟು ಬಡಕಲು ಬಲ ಸೆಕೆಂಡಿಗೆ 400 ಕಿ.ಮೀ. ಓಡುವ ಪ್ರೋಟಾನನ್ನು ಹೇಗೆ ಹೊರಳಿಸುತ್ತದೆ? ಜಾಗ ಜಾಸ್ತಿ ಇರುವುದರಿಂದ. ಅಲ್ಲಿ ಆ ಪ್ರೋಟಾನು ಸುತ್ತು ಹೊಡೆದರೆ ಆ ಸುತ್ತಿನ ತ್ರಿಜ್ಯ 80 ಕಿ.ಮೀ.ಗಿಂತ ಚೂರು ಜಾಸ್ತಿ ಬರುತ್ತದೆ. ಹೆಚ್ಚುಕಡಿಮೆ ಬೆಂಗಳೂರಿಂದ ಗೌರಿಬಿದನೂರಿಗೆ ಹೋದಷ್ಟು. ಕೊಪ್ಪೆಯ ಅಗಲ ಇರುವುದು ಹತ್ತಾರು ಸಾವಿರ ಕಿ.ಮೀ. ಗೌರಿಬಿದನೂರಿನಲ್ಲಿ ಸೂರ್ಯನನ್ನು ರೇಡಿಯೋ ಅಲೆಗಳಲ್ಲಿ ನೋಡುವ ದೂರದರ್ಶಕಗಳಿವೆ, ಹಾಗಾಗಿ ಮಕ್ಕಳಿಗೆ ಈ ದೂರವನ್ನು ಹೇಳಲು ಅದೇ ಊರು ಸರಿ ಅನ್ನಿಸಿತು.

ಈಗ ಎರಡನೆಯ ಹುಡುಗನ ಪ್ರಶ್ನೆ. "ಆವೇಶ." ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ. ಮನೆಮಾತಿನಲ್ಲಿ ಆವೇಶ ಅಂದರೆ ಸಿಟ್ಟು, ಇಲ್ಲವೇ ಮೈದುಂಬುವುದು. ಒಂದು ಲೆಕ್ಕದಲ್ಲಿ ಅರ್ಥ ಕೂಡುತ್ತದೆ, ಒಳಹೊಕ್ಕು ಕೂತದ್ದೇ ಆವೇಶ. ಕೆಲವು ಪುಸ್ತಕಗಳು "ವಿದ್ಯುದಂಶ" ಅನ್ನುತ್ತವೆ. "ಚಾರ್ಜ್" ಅಂದರೆ ಎಲ್ಲರಿಗೂ ಗೊತ್ತು, ಆದರೆ ಮೊಬೈಲ್ ನೆನಪಾಗುತ್ತದೆ, ಚಾರ್ಜ್ ಖಾಲಿಯಾದ ಪ್ರೋಟಾನು ಇರುತ್ತದಾ ಅಂತ ಕೇಳುತ್ತಾರೆ. ನನ್ನ ಓಟು ಸದ್ಯಕ್ಕೆ "ವಿದ್ಯುದಂಶವಿರುವ ಕಣ" ಕಡೆಗೆ. ಉದ್ದವಾಯಿತು ನಿಜ.

ಈ ಪದವನ್ನು ಬಿಟ್ಟುಬಿಡೋಣ ಅನ್ನಲೂ ಆಗುವುದಿಲ್ಲ. ಎಲ್ಲ ಇರುವುದೇ ಅದರ ಮೇಲೆ. ವಿದ್ಯುದಂಶ ಇಲ್ಲದ್ದು ಯಾವುದೂ ಕಾಂತಕ್ಷೇತ್ರಕ್ಕೆ ಸೊಪ್ಪು ಹಾಕುವುದಿಲ್ಲ. ಬೆಳಕು ಹಾಕುವುದಿಲ್ಲ. ನ್ಯೂಟ್ರಿನೊ ಅನ್ನುವ, ವಿದ್ಯುದಂಶವಿಲ್ಲದ ಪುಟ್ಟ ಕಣವೂ ಹಾಕುವುದಿಲ್ಲ. ಕೋಲಾರದ ಚಿನ್ನದ ಗಣಿಯ ಆಳದಲ್ಲಿ 1965ರಲ್ಲಿ ನ್ಯೂಟ್ರಿನೊಗಳ ಗುರುತು ಹಿಡಿದರಲ್ಲ, ಅವಕ್ಕೆ ಕೊಪ್ಪೆಯೂ ಇಲ್ಲ, ಕಿಲೋಮೀಟರುಗಟ್ಟಲೆ ಕಲ್ಲೂ ಇಲ್ಲ. ನೆಟ್ಟಗೆ ಬಂದು ನೆಟ್ಟಗೆ ಹೋಗುತ್ತವೆ.

ಇಲ್ಲೇ ಇನ್ನೊಂದು ಗೊಂದಲ ಹುಟ್ಟುವುದು. ನಮ್ಮ ಬರಹಗಳಲ್ಲಿ ಓಜೋನ್ ಪದರವೂ ರಕ್ಷಾಕವಚ, ಕಾಂತಕ್ಷೇತ್ರವೂ ರಕ್ಷಾಕವಚ, ವಾತಾವರಣವೂ ರಕ್ಷಾಕವಚ. ಮೂರಕ್ಕೂ ಒಂದೇ ಪದ ಹಾಕಿದರೆ ಓದುವವನು ಮೂರೂ ಒಂದೇ ಅಂದುಕೊಳ್ಳುತ್ತಾನೆ. ಓದಿದವರೇ "ಕಾಂತಕ್ಷೇತ್ರ ಕಮ್ಮಿಯಾದರೆ ಬಿಸಿಲಿನ ನೇರಳಾತೀತ ಕಿರಣ ಜಾಸ್ತಿ ಬೀಳುತ್ತೆ" ಅಂತ ಹೇಳಿದ್ದನ್ನು ಕೇಳಿದ್ದೇನೆ. ನೇರಳಾತೀತ ಅಂದರೆ ಬೆಳಕು, ಕಾಂತಕ್ಷೇತ್ರ ಅದನ್ನು ಹೊರಳಿಸಲಾರದು. ಅದನ್ನು ಓಜೋನ್ ಹೀರುತ್ತದೆ. ಕಾಂತಕ್ಷೇತ್ರವನ್ನು ಸೀಳಿ ಬರುವಷ್ಟು ಜೋರಿನ ಕಣಗಳನ್ನು ಕೊನೆಗೆ ನಿಜವಾಗಿ ತಡೆಯುವುದು ನಮ್ಮ ತಲೆಯ ಮೇಲಿನ ಗಾಳಿ. ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋ ಗಾಳಿ ನಿಂತಿದೆ, ಹತ್ತು ಮೀಟರ್ ಆಳದ ನೀರಿಗೆ ಸಮ. "ತಡೆ" ಅನ್ನುವ ಪದವನ್ನು ಅದಕ್ಕೆ ಕೊಡಿ, ನ್ಯಾಯ. ಓಜೋನಿಗೆ "ಹೀರು", ಕಾಂತಕ್ಷೇತ್ರಕ್ಕೆ "ಹೊರಳಿಸು". ಆ ಗಾಳಿಯನ್ನೂ ದಾಟಿ ಮ್ಯೂಆನುಗಳು ನೆಲಕ್ಕೆ ಬರುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ದಾಟುತ್ತಿವೆ.

"ಕವಚ"ಕ್ಕೆ ಗುರಾಣಿಗಿಂತ ಒಂದು ಹೆಚ್ಚುಗಾರಿಕೆ ಇದೆ ಅಂತ ಒಪ್ಪುತ್ತೇನೆ. ಗುರಾಣಿಯನ್ನು ಯಾರೋ ಕೈಯಲ್ಲಿ ಹಿಡಿಯಬೇಕು. ಕರ್ಣನ ಕವಚ ಹುಟ್ಟಿನಿಂದಲೇ ಬಂದದ್ದು. ಭೂಮಿಯದೂ ಮೈಯೊಳಗಿಂದ ಬಂದದ್ದೇ. 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣ ಮಗುಚಾಡುತ್ತಿರುವುದರಿಂದ ಅದು ಹುಟ್ಟುತ್ತದೆ. ಮಂಗಳ ಗ್ರಹ ಸುಮಾರು 400 ಕೋಟಿ ವರ್ಷಗಳ ಹಿಂದೆ ತನ್ನ ಕಾಂತಕ್ಷೇತ್ರ ಕಳೆದುಕೊಂಡಿತು, ಅಲ್ಲಿನ ಗಾಳಿ ಈಗಲೂ ಸೆಕೆಂಡಿಗೆ 100 ಗ್ರಾಮಿನಷ್ಟು ಬಾನಿಗೆ ಸೋರಿ ಹೋಗುತ್ತಿದೆ ಅಂತ ನಾಸಾದ ಮೇವನ್ ನೌಕೆ ಅಳೆದಿದೆ. ಕವಚ ಬಿಚ್ಚಿಕೊಟ್ಟ ಕರ್ಣ ಅಂತ ಬರೆಯಲು ಕೈ ತುರಿಸಿತು. ಬರೆಯಲಿಲ್ಲ. ಯಾಕೆಂದರೆ ಪಕ್ಕದಲ್ಲಿ ಶುಕ್ರ ಇದೆ. ಅದಕ್ಕೆ ತನ್ನದೇ ಕಾಂತಕ್ಷೇತ್ರ ಇಲ್ಲ, ಆದರೂ ನೆಲದ ಮೇಲೆ ನಮ್ಮ 90 ಪಟ್ಟಿಗೂ ಮೀರಿದ ಒತ್ತಡದ ಗಾಳಿ ಹೊದ್ದುಕೂತಿದೆ. ಕವಚ ಹೋಯಿತು, ಪ್ರಾಣ ಹೋಯಿತು ಅನ್ನುವ ಕತೆ ಅಲ್ಲಿ ನಿಲ್ಲುವುದಿಲ್ಲ. ಕಾಂತಕ್ಷೇತ್ರ ಇಲ್ಲದಿದ್ದರೆ ಭೂಮಿಯ ಗಾಳಿಯೆಲ್ಲ ಹಾರಿಹೋಗುತ್ತಿತ್ತು ಎಂದು ಸರಾಗವಾಗಿ ಬರೆಯುವುದನ್ನು ನಾವು ಸ್ವಲ್ಪ ಕಮ್ಮಿ ಮಾಡಬೇಕು.

ಗಾಳಿ ಅಂದಾಗ ನೆನಪಾಯಿತು. "ಸೌರಮಾರುತ" ಮತ್ತು "ಸೌರ ಬಿರುಗಾಳಿ" ಎರಡನ್ನೂ ಪೇಪರಿನವರು ಅದಲುಬದಲು ಮಾಡುತ್ತಾರೆ. ಮಾರುತ ದಿನವೂ ಬೀಸುವಂಥದ್ದು, ಬಿರುಗಾಳಿ ಯಾವಾಗಲೋ ಏಳುವಂಥದ್ದು. ಮುಂಗಾರು ಮಾರುತಕ್ಕೂ ಚಂಡಮಾರುತಕ್ಕೂ ಇರುವಷ್ಟು ದೂರ. ಆದಿತ್ಯ-ಎಲ್1 ಭೂಮಿಯಿಂದ 15 ಲಕ್ಷ ಕಿ.ಮೀ. ಮುಂದೆ ನಿಂತು ಮೂಸಿ ನೋಡುತ್ತಿರುವುದು ಎರಡನ್ನೂ. ಹಾಗೆಯೇ "ವಿಶ್ವಕಿರಣ", ಬಾನಿನಾಚೆಯಿಂದ ಬಂದು ಬಡಿಯುವಂಥದ್ದು. ಕಿರಣ ಅಂದರೂ ಅವು ಕಣಗಳೇ. ಹೆಸರಿಟ್ಟಾಗ ಗೊತ್ತಿರಲಿಲ್ಲ. 1927ರಲ್ಲಿ ಡಚ್ ವಿಜ್ಞಾನಿ ಯಾಕೋಬ್ ಕ್ಲೇ ಹಡಗಿನಲ್ಲಿ ಜಾವಾದಿಂದ ನೆದರ್ಲೆಂಡ್ಸಿಗೆ ಹೋಗುತ್ತಾ ಅಳೆದಾಗ, ಭೂಮಧ್ಯರೇಖೆಯ ಹತ್ತಿರ ಅವು ಕಮ್ಮಿ ಕಂಡವು. ಬೆಳಕಾಗಿದ್ದರೆ ಎಲ್ಲ ಕಡೆ ಒಂದೇ ಸಮ ಬರಬೇಕಿತ್ತು. ಕಾಂತಕ್ಷೇತ್ರಕ್ಕೆ ಹೊರಳುತ್ತವೆ, ಅಂದರೆ ವಿದ್ಯುದಂಶವಿದೆ ಅಂತ ಆಮೇಲೆ ತಿಳಿಯಿತು. 1940ರ ಸುಮಾರಿಗೆ ಭೌತವಿಜ್ಞಾನಿ ಮಿಲಿಕನ್ ಅವರ ತಂಡ ಅಮೆರಿಕದಿಂದ ಬೆಂಗಳೂರಿಗೆ ಬಂದು ಬಲೂನು ಹಾರಿಸಿದ್ದೂ ಇದೇ ಕಾರಣಕ್ಕೆ. ನಾವು ಇರುವುದು ಕಾಂತ ಸಮಭಾಜಕದ, ಅಂದರೆ ಕಾಂತಕ್ಷೇತ್ರದ ಭೂಮಧ್ಯರೇಖೆಯ ಹತ್ತಿರ. ಇಲ್ಲಿ ಕ್ಷೇತ್ರದ ಗೆರೆಗಳು ನೆಲಕ್ಕೆ ಅಡ್ಡಡ್ಡ ಮಲಗಿವೆ. ಮೇಲಿಂದ ಇಳಿಯುವ ಕಣ ಅವನ್ನು ಅಡ್ಡಹಾಯಲೇಬೇಕು, ಹೊರಳಲೇಬೇಕು. ಧ್ರುವಗಳಲ್ಲಿ ಗೆರೆಗಳು ನೆಟ್ಟಗೆ ನಿಂತಿವೆ. ಕಣ ಅವುಗಳ ಗುಂಟ ಜಾರಿ ಇಳಿಯಬಹುದು. ಕೊಪ್ಪೆ ಸೋರುವುದು ಅಲ್ಲಿ.

ಸಿಕ್ಕಿಬಿದ್ದ ಕಣಗಳಿಗೂ ಒಂದು ಪದ ಸಿಕ್ಕಿದೆ. 1958ರಲ್ಲಿ ವ್ಯಾನ್ ಅಲೆನ್ ಕಂಡ ಪಟ್ಟಿಗಳಲ್ಲಿ ಕಣಗಳು ಗೆರೆಯ ಸುತ್ತ ಸುರುಳಿ ಸುತ್ತುತ್ತಾ ಉತ್ತರಕ್ಕೆ ಓಡುತ್ತವೆ, ಧ್ರುವದ ಹತ್ತಿರ ಕ್ಷೇತ್ರ ಬಿಗಿಯಾದಲ್ಲಿ ಹಿಂದಕ್ಕೆ ಹೊರಳುತ್ತವೆ, ಮತ್ತೆ ದಕ್ಷಿಣಕ್ಕೆ. ಮಗ್ಗದ ಲಾಳಿಯ ಹಾಗೆ. "ಲಾಳಿಯಾಡುತ್ತವೆ" ಅಂತ ಬರೆದಿದ್ದೇನೆ. ಇಳಕಲ್ಲಿನ ಕಡೆಯವರು ಬಳಕೆ ಸರಿಯೋ ಇಲ್ಲವೋ ಹೇಳಬೇಕು.

ಕೊಪ್ಪೆಯ ಕೊರತೆಗಳೂ ನನಗೆ ಗೊತ್ತು. ಅದರ ಎದುರು ಭಾಗ ಬಾಯಿ ತೆರೆದಿರುತ್ತದೆ, ಭೂಮಿಯದಕ್ಕೆ ಹಾಗಿಲ್ಲ. ಬಯಲುಸೀಮೆಯ ಮಕ್ಕಳು ಕೊಪ್ಪೆ ಕಂಡಿರಲಿಕ್ಕಿಲ್ಲ. ನಮ್ಮೂರಿನ ಮಕ್ಕಳೇ ಈಗ ಪ್ಲಾಸ್ಟಿಕ್ಕಿನದನ್ನು ಕಂಡವರು, ಪುಣ್ಯಕ್ಕೆ ಅದನ್ನೂ ಕೊಪ್ಪೆ ಅಂತಲೇ ಕರೆಯುತ್ತಾರೆ. "ಕಾಂತಕೊಪ್ಪೆ" ಅಂದರೆ ಶಿವಮೊಗ್ಗದ ಬಸ್ಸಿನ ಬೋರ್ಡಿನಲ್ಲಿ ಬರೆದ ಯಾವುದೋ ಊರಿನ ಹೆಸರಿನ ಹಾಗೆ ಕೇಳುತ್ತದೆ ಅಂತ ಗೆಳೆಯರೊಬ್ಬರು ಗೇಲಿ ಮಾಡಿದರು. ಊರಿನ ಹೆಸರಿನ ಹಾಗೆ ಕೇಳಿದರೆ ನಾಲಿಗೆಗೆ ಹತ್ತಿರ ಅಂತಲೇ ಅರ್ಥ, ಏನಂತೀರಿ?

ಕೊನೆಯ ಪ್ರಶ್ನೆ ಇದು. ಕೊಪ್ಪೆಯ ಹಿಂದೆ ಇಳಿಬಿದ್ದ ಭಾಗಕ್ಕೆ ನಿಮ್ಮ ಕಡೆ ಬೇರೆ ಹೆಸರು ಇದೆಯಾ? ಭೂಮಿಯ ಕಾಂತಕ್ಷೇತ್ರದ ಆ ಭಾಗಕ್ಕೆ ಎಲ್ಲರೂ "ಬಾಲ" ಅನ್ನುತ್ತಾರೆ. ಬಾಲ ಅಂದರೆ ಸುಮ್ಮನೆ ಹಿಂದೆ ಜೋತಾಡುವಂಥದ್ದು. ಇದು ಹಾಗಲ್ಲ. ಸೂರ್ಯನ ಗಾಳಿ ಎಳೆದೆಳೆದು ಅದು ಬಿಗಿಯಾಗುತ್ತದೆ, ಒಂದು ಹೊತ್ತಿನಲ್ಲಿ ತಟ್ಟನೆ ಹಿಂದಕ್ಕೆ ಮಿಡಿಯುತ್ತದೆ, ಆಗ ಎಲೆಕ್ಟ್ರಾನುಗಳು ಧ್ರುವಗಳ ಕಡೆ ಸುರಿದು ಧ್ರುವಜ್ಯೋತಿ ಹೊತ್ತಿಕೊಳ್ಳುತ್ತದೆ. 2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಿಂದಲೂ ಆಕಾಶದ ಅಂಚು ಕೆಂಪಗೆ ಕಂಡಿತಲ್ಲ, ಅಂಥದ್ದು. ನಾನು "ಸೆರಗು" ಅಂತ ಬರೆದು ಹೊಡೆದು ಹಾಕಿದ್ದೇನೆ, ಆಮೇಲೆ ಮತ್ತೆ ಬರೆದಿದ್ದೇನೆ. ಸೆರಗು ಕೊಡವಿದರೆ ಅದರಲ್ಲಿದ್ದದ್ದು ಚೆಲ್ಲುತ್ತದೆ, ಅದಕ್ಕೇ ಮನಸ್ಸು ಅತ್ತ ಎಳೆಯುತ್ತಿದೆ. ಆದರೆ ಕಂಬಳಿಗೆ ಸೆರಗು ಅಂದರೆ ನಮ್ಮಜ್ಜ ಒಪ್ಪುತ್ತಿದ್ದರೋ ಇಲ್ಲವೋ. ಮೊಣಕಾಲಿನ ಹತ್ತಿರ ನೀರು ತೊಟ್ಟಿಕ್ಕುತ್ತಿದ್ದ ಆ ಅಂಚಿಗೆ ಅವರು ಏನೋ ಒಂದು ಹೇಳುತ್ತಿದ್ದರು. ಈಗ ಅವರೂ ಇಲ್ಲ, ನನಗೆ ನೆನಪೂ ಆಗುತ್ತಿಲ್ಲ. ಹೊಸನಗರ, ತೀರ್ಥಹಳ್ಳಿ, ಕೊಪ್ಪದ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ತಿಳಿಸಿ. ಪಟ ಇನ್ನೂ ಅಚ್ಚಿಗೆ ಹೋಗಿಲ್ಲ.